ಹನ್ನೊಂದು ಕೈ

ಕತ್ತರಿಸಿದ ಹಸಿಮೇವನ್ನು ಉದ್ದನೆಯ ಪ್ಲಾಸ್ಟಿಕ್ ಚೀಲಕ್ಕೆ ಒತ್ತಿ ತುಂಬುವ ಯಂತ್ರದ ಡ್ರೈವರನಿಗೆ ನಾವಿಟ್ಟ ಹೆಸರು ತಡಿಯಪ್ಪ. ಅವನ ಸೀಟು ಬಿಸಿಯಾದದ್ದನ್ನು ಕಂಡವರಿಲ್ಲ. ಹತ್ತುತ್ತಾನೆ, ಲಿವರ್ ಮುಟ್ಟುತ್ತಾನೆ, ಇಳಿಯುತ್ತಾನೆ, ಬಗ್ಗಿ ನೋಡುತ್ತಾನೆ, ಮತ್ತೆ ಹತ್ತುತ್ತಾನೆ. ಯಾರಾದರೂ ಸೀನಿದರೂ ಸಾಕು, ನಿಲ್ಲಿಸುವ ಕೆಂಪು ಗುಂಡಿ ಒತ್ತುತ್ತಾನೆ. ಒಂದು ಗುಟುಕು ನೀರಿಗೆ ಇಳಿದರೂ ಕೀ ಕಿತ್ತು ಜೇಬಿಗೆ ಹಾಕಿ, ಜೇಬನ್ನು ಎರಡು ಸಲ ತಟ್ಟಿಕೊಳ್ಳುತ್ತಾನೆ. “ಇವತ್ತಾದ್ರೂ ಮುಗಿಸ್ತೀಯೇನಪ್ಪ?” ಎಂದು ಯಜಮಾನರು ಗೊಣಗಿದರೆ, “ತಡೀರಿ. ಎಲ್ಲಾ ಕೈ ಎತ್ರಿ” ಎನ್ನುತ್ತಾನೆ. ಮೇವು ತುಂಬುವ ನಾವು ಆರು ಜನ ಶಾಲೆಮಕ್ಕಳ ಹಾಗೆ ಕೈ ಎತ್ತಿ ನಿಲ್ಲಬೇಕು. ಅವನು ಒಂದೊಂದಾಗಿ ಎಣಿಸಿ, “ಹನ್ನೊಂದು, ಸರಿ” ಎಂದ ಮೇಲೆಯೇ ಯಂತ್ರ ಶುರು. ಲೆಕ್ಕ ಬಾರದವನೆಂದು ಮೊದಲ ದಿನ ನಾನು ನಕ್ಕೆ. ಆಮೇಲೆ ನೋಡಿದರೆ, ಚೀಲದ ಪಕ್ಕದಲ್ಲಿ ಅವನ ಅಣ್ಣ ಒಂದೇ ಕೈ ಎತ್ತಿ ನಿಂತಿದ್ದ. ಎಂಟು ವರ್ಷದ ಹಿಂದೆ ತಡಿಯಪ್ಪ ಯಂತ್ರ ನಿಲ್ಲಿಸಿ, ಕೀ ಅದರಲ್ಲೇ ಬಿಟ್ಟು ನೀರು ಕುಡಿಯಲು ಇಳಿದಿದ್ದ. ಸಿಕ್ಕಿಕೊಂಡ ಮೇವನ್ನು ಅಣ್ಣ ಕೈಹಾಕಿ ಬಿಡಿಸುತ್ತಿದ್ದಾಗ ಇನ್ಯಾರೋ ಬಂದು ಆ ಕೀ ತಿರುಗಿಸಿದ್ದರು. ಈಗ ದಿನವೂ ಎಲ್ಲರಿಗಿಂತ ಮೊದಲು ಕೈ ಎತ್ತುವವನು ಆ ಅಣ್ಣನೇ. “ಇಲ್ಲಿಂದ ಎಣಿಸೋ, ಮರಿ” ಎನ್ನುತ್ತಾನೆ.