ಮೂರನೇ ಗೂಡಿನ ಬಿರಡೆ

ಹೋದ ವಾರ ಗೋ ತಿಯೊಂಗನನ್ನು ಮಣ್ಣು ಮಾಡಿ ಬಂದೆವು. ಒಂದು ಕಾಲಕ್ಕೆ ಚೀನಾದ ನಮ್ಮ ಚಂದ್ರಬಂದರಿನಲ್ಲಿ ಅವನಷ್ಟು ಬಾಯಿಹರುಕ ಇನ್ನೊಬ್ಬನಿರಲಿಲ್ಲ. ಕೊನೆಯ ಹನ್ನೊಂದು ವರ್ಷ ಮಾತ್ರ ಒಂದು ನಾಯಿಯನ್ನೂ ಬೈಯಲಿಲ್ಲ. ಯಾಕೆಂದು ನನಗೆ ಗೊತ್ತು. ಅವನು ದುಡಿಯುತ್ತಿದ್ದ ಹಡಗಿನಲ್ಲಿ ನಾನು ಅಡುಗೆಯವನಾಗಿದ್ದೆ.

ನೀರು ನುಗ್ಗದ ಹಾಗೆ ಹಡಗಿನ ಹಲಗೆ ಸಂದಿಗೆ ನಾರು ಹೊಸೆದು ತುಂಬಿ, ಮೇಲೆ ಸುಣ್ಣ-ಎಣ್ಣೆ ಮೆತ್ತುವುದು ಅವನ ಕಸುಬು. ಅಪ್ಪ ಅಮ್ಮ ಸತ್ತ ಮೇಲೆ ತಮ್ಮ ಸಿಯೂನನ್ನು ಸಾಕಿ, ಬೈದು, ಬಡಿದು ಅದೇ ಕಸುಬು ಕಲಿಸಿದ್ದ. "ಅಣ್ಣ ಒಂದಿನ ಮೂಕ ಆಗ್ಲಪ್ಪ, ಕಿವಿಗೆ ಹಬ್ಬ," ಅನ್ನುತ್ತಿದ್ದ ಸಿಯೂ, ಅಣ್ಣ ಬರದೆ ತುತ್ತು ಮಾತ್ರ ಎತ್ತುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ನಮ್ಮ ಹಡಗು ಲೂಸಾನ್ ದ್ವೀಪಕ್ಕೆ ರೇಷ್ಮೆ, ಪಿಂಗಾಣಿ ಹೊತ್ತು ಹೊರಟ ಮೂರನೇ ಮಧ್ಯಾಹ್ನ ಕಡಲ್ಗಳ್ಳರು ಮೇಲೆ ಬಿದ್ದರು. ನಮ್ಮ ಹಡಗಿನ ಹೊಟ್ಟೆಯನ್ನು ಅಡ್ಡಗೋಡೆ ಹಾಕಿ ಸಾಲು ಗೂಡುಗಳಾಗಿ ಮಾಡಿರುತ್ತಾರೆ. ಅವರ ತೋಪಿನ ಮೊದಲ ಗುಂಡು ಮೂರನೇ ಗೂಡಿನ ಮಗ್ಗುಲು ಸೀಳಿತು. ತೂತು ಮುಚ್ಚಲು ಸಿಯೂ ಕೆಳಗಿಳಿದ. ಎರಡನೇ ಗುಂಡಿಗೆ ಹಾಯಿಕಂಬ ಮುರಿದು, ಸರಿಯಾಗಿ ಆ ಗೂಡಿನ ಬಾಯಿಗೇ ಅಡ್ಡ ಬಿತ್ತು. ಸಿಯೂ ಒಳಗೇ ಸಿಕ್ಕಿಬಿದ್ದ.

ಆಮೇಲೆ ಕಡಿದಾಟ. ಹಡಗಿನ ಯಜಮಾನ ಲಿಯಾವ್‌ನ ತಲೆ ಉರುಳಿ ನನ್ನ ಒಲೆಯ ಬುಡಕ್ಕೆ ಬಂತು. ಅಯ್ಯೋ ಅನ್ನಲೂ ಪುರುಸೊತ್ತಿಲ್ಲ. ಕುದಿಯುವ ಗಂಜಿಯ ಕೊಳಗ ಎತ್ತಿ ಕಡಿದವನ ಮುಖಕ್ಕೇ ಸುರಿದೆ, ಚರ್ಮ ಸುಲಿದು ಬಂತು. ಹಾಳಾಗಿ ಹೋಗಲಿ ಅವನು, ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಹಡಗು ಹೇಗೂ ಮುಳುಗುತ್ತದೆಂದು ಕಳ್ಳರು ಸಿಕ್ಕಷ್ಟು ರೇಷ್ಮೆ ಬಾಚಿಕೊಂಡು ಹೋದರು. ಉಳಿದವರು ಮೂವತ್ತು ಜನ.

ಒಂದೇ ಗೂಡಿಗೆ ನೀರು ತುಂಬಿದರೆ ನಮ್ಮ ಹಡಗು ಮುಳುಗುವುದಿಲ್ಲ. ಆದರೆ ನಡುಗೋಡೆಯ ಬುಡದಲ್ಲಿ ತಳದ ನೀರು ಹರಿಯಲೆಂದು ಮುಷ್ಟಿಗಾತ್ರದ ತೂತಿರುತ್ತದೆ, ಅದಕ್ಕೆ ಬಿರಡೆ ಇರಬೇಕು. ಹಿಂದಿನ ದಿನ ಅದನ್ನು ಕಿತ್ತು, ಮತ್ತೆ ಹಾಕಲು ಮರೆತವನು ತಿಯೊಂಗನೇ.

ನಾನೂ ತಿಯೊಂಗನೂ ಪಕ್ಕದ ನಾಲ್ಕನೇ ಗೂಡಿಗೆ ಇಳಿದೆವು. ತೂತಿನಿಂದ ನೀರು ರಭಸವಾಗಿ ನುಗ್ಗುತ್ತಿತ್ತು. ನೀರಿನ ಜೊತೆ ಒಂದು ಕೈಯೂ ಹೊರಬಂದಿತ್ತು.

"ಅಣ್ಣಾ, ಸೊಂಟದ ತನಕ ಬಂತು! ಕಂಬ ಎತ್ಸೋ!"

"ಎತ್ತಾ ಇದಾರೆ ಕಣೋ. ನೀನು ಕೈ ತಗಿ."

"ಮುಚ್ಬೇಡ್ವೋ ಅಣ್ಣಾ! ನೀರು ಆ ಕಡೆ ಹರೀಲಿ, ಬದುಕ್ಕೋತೀನಿ!"

ಮೇಲೆ ಕಂಬ ಒಂದಂಗುಲವೂ ಅಲುಗಿರಲಿಲ್ಲ. "ತಿಯೊಂಗ್, ಮೂವತ್ತು ಜನ ಕಣೋ," ಅಂದೆ.

"ಬಾಯ್ಮುಚ್ಚೋ ಗಂಜಿ ಮುಂಡೇದೆ!" ಅಂದವನೇ ಕೊಡತಿ ಎತ್ತಿದ. ಎರಡು ಏಟಿಗೆ ಬೆರಳು ಮುರಿದವು. ಮೂರನೇ ಏಟಿಗೆ ಕೈ ಒಳಗೆ ಹೋಯಿತು. ಆ ಕೂಗು ನನ್ನ ಶತ್ರುವಿನ ಕಿವಿಗೂ ಬೀಳದಿರಲಿ.

ಬಿರಡೆ ಹೊಡೆದರೆ ಆ ಕಡೆಯ ನೀರು ಅದನ್ನು ನಮ್ಮ ಮುಖಕ್ಕೇ ಉಗಿಯಿತು. ಇನ್ನೊಮ್ಮೆ ಹೊಡೆದ, ಮತ್ತೆ ಉಗಿಯಿತು. ಗೋಡೆಯಾಚೆ ಗುದ್ದುವ ಸದ್ದು ಕೇಳುತ್ತಿತ್ತು. ಶಾಪ ಹಾಕಿ ಗುದ್ದುತ್ತಿದ್ದಾನೆ ಅಂದುಕೊಂಡೆವು. ಮೂರನೇ ಸಲ ಬಿರಡೆ ನಿಂತಿತು. ಸ್ವಲ್ಪ ಹೊತ್ತಿಗೆ ಸದ್ದೂ ನಿಂತಿತು.

ಉಳಿದ ಹಾಯಿ ಬಿಚ್ಚಿ ಐದು ದಿನಕ್ಕೆ ನಮ್ಮ ಬಂದರು ಸೇರಿ, ಕಂಬ ಕಡಿದು, ನೀರು ಮೊಗೆದೆವು. ಸಿಯೂ ಗೋಡೆಯ ಬುಡದಲ್ಲೇ ಬಿದ್ದಿದ್ದ. ಮೈಮೇಲೆ ಅಂಗಿ ಇರಲಿಲ್ಲ. ಅಂಗಿ ಗೋಡೆಯ ಆ ತೂತಿನಲ್ಲಿತ್ತು, ನಾರಿನ ಹಾಗೆ ಹೊಸೆದು, ಹಲಗೆ ಚೂರಿನಿಂದ ಗುದ್ದಿ ಗುದ್ದಿ ಬಿಗಿಮಾಡಿದ್ದ. ನೀರು ಒತ್ತಿದಷ್ಟೂ ಅದು ಬಿಗಿಯಾಗಿತ್ತು. ನಮ್ಮನ್ನು ಉಳಿಸಿದ್ದು ಅದು, ನಮ್ಮ ಬಿರಡೆಯಲ್ಲ.

ತಿಯೊಂಗ್ ಮಂಡಿಯೂರಿ ಆ ಹೊಸೆತದ ಮೇಲೆ ಬೆರಳಾಡಿಸಿದ.

"ಹೊಸೆತ ತಿರುಗಾಮುರುಗಾ ಐತೆ ನೋಡು," ಅಂದ. "ಎಡಗೈಲಿ ಮಾಡಿದಾನೆ. ಬಲಗೈ ನಾನು ಮುರಿದಿದ್ನಲ್ಲ."