ಹಿಂದಕ್ಕೆ ನಡೆಯುತ್ತಿದ್ದ ಮಾಸ್ಟರು

ಮೇಲ್ದುಟಿಯ ನಡುವೆ ರೂಪಾಯಿ ನಾಣ್ಯದಗಲದ ಒಂದು ಉಂಗುರದ ಗುರುತು. ಅಷ್ಟು ಜಾಗದಲ್ಲಿ ಮಾತ್ರ ಅವರಿಗೆ ಮೀಸೆ ಬೆಳೆಯುತ್ತಿರಲಿಲ್ಲ. ನಲವತ್ತು ವರ್ಷ ಟ್ರಂಪೆಟ್ಟಿನ ಬಾಯಿ ಒತ್ತಿ ಒತ್ತಿ ಕಟ್ಟಿದ ಜಡ್ಡು ಅದು.

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯವರು, ಊರಿಗೆಲ್ಲ ಬ್ಯಾಂಡ್ ಮಾಸ್ಟರು. ಪುರಸಭೆಯಲ್ಲಿ ಬೀದಿ ಬೀದಿಗೆ ನೀರು ಬಿಡುವ ಕೆಲಸ. ಲಗ್ನಗಳ ಕಾಲ ಬಂತೆಂದರೆ ರಜೆ ಹಾಕಿ ಕೆಂಪು ಕೋಟು, ಜರಿ ಟೋಪಿ ತೊಟ್ಟು ಹೊರಡುತ್ತಿದ್ದರು. ಟ್ರಂಪೆಟ್ಟನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ತೀರಿಹೋದ ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿಡುವರು. ಮದುವೆಮನೆಯಲ್ಲಿ ಊದುವುದು ಮುಗಿಯುವ ತನಕ ಒಂದು ಚೂರು ವಡೆಯನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಟೀಚರ್ ಟ್ರೈನಿಂಗ್ ಮಾಡುತ್ತಿದ್ದೆ. ನನಗೆ ಗೂರಲು. ಮಕ್ಕಳ ಮುಂದೆ ನಿಂತರೆ ಅರ್ಧ ವಾಕ್ಯಕ್ಕೇ ಎದೆಯಲ್ಲಿ ಸಿಳ್ಳೆ. ಒಂದು ದಿನ ಜಗಲಿಯ ಮೇಲೆ ಕೂತು, ಈ ಕೆಲಸ ನನ್ನ ಕೈಲಾಗದು ಎಂದು ಅಳುತ್ತಿದ್ದೆ. ಪಕ್ಕದ ಜಗಲಿಯಿಂದ ಅವರು ಗದರಿದರು.

"ಉಸ್ರು ಎಳ್ಕಳಕ್ಕೆ ಬಡ್ಕತೀಯಲ್ಲವ್ವ, ಒಳ್ಗೆ ಜಾಗ ಎಲ್ಲದೆ? ಮೊದ್ಲು ಬುಡು. ಪೂರ್ತಿ ಬುಡು. ಆಮ್ಯಾಲೆ ಅದೇ ಬತ್ತದೆ."

ಅವರು ದಿನಾ ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಟ್ರಂಪೆಟ್ ಅಭ್ಯಾಸ ಮಾಡುತ್ತಿದ್ದರು. ಆರೇಳು ತಿಂಗಳು ನಾನೂ ಪಕ್ಕದಲ್ಲಿ ನಿಂತು ಬರೀ ಉಸಿರು ಬಿಡುವುದನ್ನು ಕಲಿತೆ. ತಮ್ಮ ಬೆನ್ನ ಮೇಲೆ ನನ್ನ ಅಂಗೈ ಇಡಿಸಿ, ಊದುವಾಗ ಬೆನ್ನು ಹೇಗೆ ಹಿಗ್ಗಿ ಇಳಿಯುತ್ತದೆಂದು ತೋರಿಸಿದರು. ಡಾಕ್ಟರ ಮಾತ್ರೆ ಬಿಡಲಿಲ್ಲ, ಆದರೆ ನನ್ನ ದನಿ ಕೊನೆಯ ಬೆಂಚಿಗೆ ಮುಟ್ಟತೊಡಗಿತು. ಟಿ. ನರಸೀಪುರದಲ್ಲಿ ಕೆಲಸವೂ ಸಿಕ್ಕಿತು. ಊರು ಬಿಡುವ ದಿನ, "ನನ್ನ ಮದುವೆಗೆ ನೀವೇ ಊದಬೇಕು" ಎಂದೆ. "ಅದೇನ್ ಕೇಳ್ಬೇಕಾ?" ಎಂದರು.

ರಿಟೈರಾದ ಮೇಲೂ ಅವರು ಬನ್ನೂರು, ಕವಲಂದೆ ಎಂದು ವ್ಯಾನು ಹತ್ತುವುದನ್ನು ಬಿಡಲಿಲ್ಲ. ನಮ್ಮಪ್ಪ ಕೆಣಕುವರು: "ಪೆನ್ಶನ್ ಬರ್ತದೆ, ಇನ್ನೂ ಬೀದೀಲಿ ಊದ್ಕೊಂಡು ತಿರುಗ್ತೀಯಲ್ಲ. ದುಡ್ಡಿನಾಸೆ ಕಣಯ್ಯ ನಿಂಗೆ." ಮಾಸ್ಟರು ಎದೆ ಮುಟ್ಟಿಕೊಂಡು, "ಕಲೆ ಸಾ, ಕಲೆ!" ಎನ್ನುವರು. ಎದುರು ಮನೆಯ ಕಾಲೇಜು ಮೇಷ್ಟರು ಅದನ್ನೇ ಹೊಗಳಿ ಕಲೆಯೆಂದರೆ, "ದುಡ್ಡು ಸಾ, ಇನ್ನೇನು?" ಎಂದು ನಕ್ಕುಬಿಡುವರು. ಅವರ ಬಾಯಿಂದ ನಿಜ ಹೊರಡಿಸುವುದು ಯಾರಿಗೂ ಆಗಲಿಲ್ಲ.

ನನ್ನ ಮದುವೆ ತಡವಾಗಿ, ಎರಡು ಸಾವಿರದ ಇಸವಿ ದಾಟಿದ ಮೇಲೆ, ನರಸೀಪುರದ ಛತ್ರದಲ್ಲಿ ಆಯಿತು. ಗಂಡಿನ ಕಡೆಯವರಿಗೆ ಮೈಸೂರಿನ ಬ್ಯಾಂಡು ಬೇಕಿತ್ತು. ನಾನು ಹಟ ಹಿಡಿದು ಮಾಸ್ಟರನ್ನೇ ಕರೆಸಿದೆ. ಬೆಳಗಿನ ಬಿಸಿಲಲ್ಲಿ ಗಂಡಿನ ದಿಬ್ಬಣ ಬರುತ್ತಿದ್ದಾಗ ಛತ್ರದ ಕಿಟಕಿಯಲ್ಲಿ ನಿಂತು ನೋಡಿದೆ. ಮಾಸ್ಟರು ಬ್ಯಾಂಡಿನ ಕಡೆ ಮುಖ ಮಾಡಿ, ಟ್ರಂಪೆಟ್ ಬಾಯಿಗಿಟ್ಟು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತ ಬರುತ್ತಿದ್ದರು. ಜನ ಅದನ್ನೊಂದು ಠೀವಿಯೆಂದು ನೋಡುತ್ತಿದ್ದರು. ನನಗೆ ಕಂಡದ್ದು ಆ ಕೆಂಪು ಕೋಟಿನ ಬೆನ್ನು. ಅದು ಹಿಗ್ಗುತ್ತಿರಲಿಲ್ಲ. ಊದುತ್ತಿದ್ದವನು ಎದುರಿಗಿದ್ದ ಎರಡನೇ ಟ್ರಂಪೆಟ್ಟಿನವನು.

ನನಗೆ ಮೈಯೆಲ್ಲ ಉರಿಯಿತು. ಹಟ ಮಾಡಿ ಕರೆಸಿದ್ದೆ, ಅವರು ನನಗೇ ಮೋಸ ಮಾಡಿದರು ಅನ್ನಿಸಿತು. ಧಾರೆಯಾದ ಮೇಲೆ ಅಕ್ಷತೆ ಹಾಕಲು ಬಂದರು. ಬೀಗರ ಎದುರೇ, ಬ್ಯಾಂಡಿನವರ ಎದುರೇ ಅಂದುಬಿಟ್ಟೆ: "ಊದದೆ ಸುಮ್ನೆ ನಿಂತ್ಕೊಳ್ಳೋಕೆ ಏನಂತಾರೆ ಮಾಸ್ಟ್ರೇ, ಕಲೆನಾ ದುಡ್ಡಾ?"

ಅವರು ಬಾಯಿ ತೆರೆಯದೆ ನಕ್ಕರು. ಅಕ್ಷತೆ ಹಾಕಿ, "ನೀ ಗುರ್ತ್ ಇಡೀತೀಯ ಅಂತ ಗೊತ್ತಿತ್ತು ಕಣವ್ವ. ಚೆಂದಾಗಿರು" ಎಂದು ಇಳಿದುಹೋದರು. ಊಟಕ್ಕೆ ನಿಲ್ಲಲಿಲ್ಲ.

ಎರಡು ತಿಂಗಳ ಮೇಲೆ ಬನ್ನೂರಿನಲ್ಲಿ ಸಹೋದ್ಯೋಗಿಯೊಬ್ಬಳ ಮದುವೆ. ಅದೇ ಬ್ಯಾಂಡು, ಮಾಸ್ಟರಿಲ್ಲ. ಹಾಡಿನ ಪಲ್ಲವಿ ಚೆನ್ನಾಗಿ ಬಂತು. ನಡುವೆ ಟ್ರಂಪೆಟ್ಟು ದಾರಿ ತಪ್ಪಿ, ಡ್ರಮ್ಮು ಒಂದೇ ಉಳಿದು, ಜನ ಗೊಳ್ಳೆಂದರು. ಎರಡನೇ ಟ್ರಂಪೆಟ್ಟಿನವನು, ಮೂವತ್ತು ದಾಟಿದ ಗಂಡಸು, ನನ್ನನ್ನು ಕಂಡು ಪಕ್ಕಕ್ಕೆ ಬಂದ.

"ನಿಮ್ ಮದ್ವೆ ಆದ್ಮೇಲೆ ಮಾಸ್ಟ್ರು ಟೋಪಿ ವಾಪಸ್ ಕೊಟ್ಬುಟ್ರು ಅಕ್ಕ. ಅವ್ರ ಮುಂದಿನ ಅಲ್ಲು ಓಗಿ ಎರಡು ವರ್ಷ ಆಗಿತ್ತು, ಊದಕಾಯ್ತಿರ್ಲಿಲ್ಲ. ನಮ್ಗೆ ಪಲ್ಲವಿ ಬತ್ತದೆ ಅಷ್ಟೇಯ. ಮುಂದುಕ್ಕೆ ಟ್ರಂಪೆಟ್ ಗುಂಡಿ ಮ್ಯಾಲೆ ಅವ್ರ ಬೆರಳು ಆಡೋದ್ ನೋಡ್ಕಂಡೇ ಊದ್ತಿದ್ದೊ. ಅದ್ಕೇ ಅವ್ರು ಹಿಂದುಕ್ಕೆ ನಡೀತಿದ್ದುದ್ದು. ಒಂದ್ರೂಪಾಯಿ ಮುಟ್ತಿರ್ಲಿಲ್ಲ."

ನಾನು ಬೆನ್ನು ನೋಡಿದ್ದೆ, ಬೆರಳು ನೋಡಿರಲಿಲ್ಲ.

ಮರುದಿನವೇ ನಂಜನಗೂಡಿಗೆ ಹೋದೆ. ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ಉಂಗುರದ ಜಾಗದಲ್ಲಿ ಬಿಳಿ ಕೂದಲು ಒಂದೆರಡು ಚಿಗುರಿದ್ದವು.

"ಅವತ್ತೇ ಯಾಕೆ ಹೇಳಲಿಲ್ಲ?" ಎಂದೆ.

"ಉಡುಗ್ರಿಗೆ ನಡುವಿಂದು ಬರಕಿಲ್ಲ ಅಂತ ನಿಮ್ ಬೀಗ್ರ ಮುಂದೆ ಯೋಳನಾ? ಅವ್ರ ಅನ್ನ ಕಣವ್ವ ಅದು."

"ಮತ್ತೆ ಹೋಗಿ ಮಾಸ್ಟ್ರೇ."

"ಉಡುಗ್ರಿಗೋಸ್ಕರ ಅಂತ ನಾನೂ ಅಂದ್ಕಂಡಿದ್ದೆ. ನೀ ಕೇಳ್ದಾಗ ಗೊತ್ತಾಯ್ತು, ನಂಗೂ ಮುಂದ್ಗಡೆ ನಿಂತ್ಕಳ ಆಸೆ ಇತ್ತು. ಮೊದ್ಲೇ ಬುಡ್ಬೇಕಿತ್ತು. ಸಾಕು ಬುಡು."

ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಕ್ಷಮಿಸಿ ಎನ್ನುವ ಮಾತನ್ನು ಮುಂದಿನ ಸಲ ಬಂದಾಗ ಹೇಳೋಣವೆಂದು ಬಸ್ಸು ಹತ್ತಿದೆ. ಮುಂದಿನ ಸಲ ಹೋದದ್ದು ಅವರ ಮಣ್ಣಿಗೆ.

ಬ್ಯಾಂಡಿನವರು ಕೆಂಪು ಕೋಟು ಹಾಕಿಕೊಂಡು ಬಂದಿದ್ದರು. ಮಾಸ್ಟರಿಗೆ ಇಷ್ಟವಾಗಿದ್ದ ಒಂದು ದೇವರ ಪದ ಎತ್ತಿಕೊಂಡರು. ಪಲ್ಲವಿ ಮುಗಿಯಿತು. ನಡುವಿನ ಭಾಗ ಬಂದೊಡನೆ ರೂಢಿಯಂತೆ ಎಲ್ಲರ ಕಣ್ಣೂ ಚಟ್ಟದ ಮೇಲೆ ಜೋಡಿಸಿಟ್ಟಿದ್ದ ಆ ಬೆರಳುಗಳ ಕಡೆ ಹೋಯಿತು. ಪದ ಅಲ್ಲಿಗೇ ನಿಂತಿತು.

ನನಗೆ ಎದೆ ಕಟ್ಟಿತು, ಸಿಳ್ಳೆ ಶುರುವಾಯಿತು. ಬಾಯಿ ತೆರೆದು ಗಾಳಿಗಾಗಿ ಒದ್ದಾಡಿದೆ. ಮೊದಲು ಬಿಡಬೇಕೆಂದು ನೆನಪಾಯಿತು. ಬಿಟ್ಟೆ, ಬೀದಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಅವರೇ ಕೊಟ್ಟ ದನಿಯಲ್ಲಿ, ತಪ್ಪಾಯಿತು ಮಾಸ್ಟ್ರೇ ಎಂದು ಕೂಗಿ ಅತ್ತೆ.