ಡಾಕ್ಟ್ರಕ್ಕ ನೋಡಿದ ಎಡಗಣ್ಣು

ನೆತ್ತಿಯ ಮೇಲೊಂದು ಚಾಳೀಸಿನ ಕನ್ನಡಕ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟದ್ದು ಇನ್ನೊಂದು. ಎರಡನ್ನೂ ಮೈಮೇಲೆ ಇಟ್ಟುಕೊಂಡೇ ಮೇಜಿನ ಮೇಲೆಲ್ಲ ತಡಕಾಡಿ, “ನನ್ನ ಚಾಳೀಸು ಯಾರ ಒಯ್ದ್ರಿ?” ಎಂದು ಕೂಗುತ್ತಿದ್ದ ಆ ಹೆಂಗಸು ಕೊಟ್ಟೂರಿನ ನಮ್ಮ ತವರಿನ ಓಣಿಯ ಕಣ್ಣಿನ ಡಾಕ್ಟರು. ಬೋರ್ಡಿನ ಮೇಲಿದ್ದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಊರಿಗೆಲ್ಲ ಅವರು ಡಾಕ್ಟ್ರಕ್ಕ. ಹಂಪಸಾಗರದಲ್ಲಿ ಹುಟ್ಟಿ ಬೆಳೆದವರು. ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಔಷಧಿ ಬಿಡುವಾಗ ಯಾರಾದರೂ ರೆಪ್ಪೆ ಬಿಗಿಹಿಡಿದರೆ, “ಕಣ್ಣು ತಗೀ, ನಾನೇನು ಖಾರ ಹಾಕ್ತೀನೇನು?” ಎಂದು ಗದರುವರು. ಹೆದರಿದವರೂ ನಕ್ಕುಬಿಡುತ್ತಿದ್ದರು.

ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಹೆರಿಗೆ ಕಷ್ಟವಾಗಿ, ಆಸ್ಪತ್ರೆಯಲ್ಲಿ ಚಿಮಟ ಹಾಕಿ ಮಗುವನ್ನು ತೆಗೆದರು. ಮನೆಗೆ ಕರೆತಂದು ನೋಡಿದರೆ ಮಗಳ ಬಲಗಣ್ಣಿನ ಬಿಳಿಯಲ್ಲಿ ರಕ್ತದ ಕಲೆ. ಬಂದವರ ಬಾಯಿಗೊಂದೊಂದು ಮಾತು. ಒಬ್ಬರಿಗೆ ಅದು ಗ್ರಹಣದ ದೋಷ, ಇನ್ನೊಬ್ಬರಿಗೆ ಕೆಟ್ಟ ದೃಷ್ಟಿ. ನನ್ನ ಅವ್ವ ದೇವಿ ಉಚ್ಚಂಗೆಮ್ಮನಿಗೆ ಬೆಳ್ಳಿಯ ಕಣ್ಣಿನ ಹರಕೆ ಹೊತ್ತಳು. ಸಾಲದ್ದಕ್ಕೆ ನಂದಿಬಟ್ಟಲ ಹೂವಿನ ರಸವನ್ನು ಎದೆಹಾಲಿನಲ್ಲಿ ಕಲಸಿ ಮಗುವಿನ ಕಣ್ಣಿಗೆ ಬಿಡಲು ಬಟ್ಟಲು ಹಿಡಿದು ಕೂತಳು. ನನಗೆ ಇದ್ದದ್ದು ಒಂದೇ ಭಯ: ನನ್ನ ಕೂಸು ಕುರುಡಾದರೆ? ರಸ ಬಿಡಬೇಡವೆಂದು ಅವ್ವನ ಕೈ ಹಿಡಿದು, ಅಳುತ್ತಲೇ ಡಾಕ್ಟ್ರಕ್ಕನಿಗೆ ಹೇಳಿಕಳಿಸಿದೆ.

ನಮ್ಮ ಕಡೆ ಬಾಣಂತಿ ಕೋಣೆ ಎಂದರೆ ಗುಹೆಯೇ ಸರಿ. ಕಿಟಕಿ ಮುಚ್ಚಿ, ಬಾಗಿಲಿಗೆ ಕರಿ ಕಂಬಳಿ ಇಳಿಬಿಟ್ಟು, ಒಳಗೆ ಲೋಬಾನದ ಹೊಗೆ ಹಾಕಿರುತ್ತಾರೆ. ಗಾಳಿ ಬೆಳಕು ಬೇಕೆಂದು ಮನೆಮನೆಗೆ ಬರುವ ನರ್ಸಮ್ಮನಿಂದ ಬೈಸಿಕೊಂಡು ಅವ್ವನಿಗೆ ಸಾಕಾಗಿತ್ತು. ಈಗ ಡಾಕ್ಟರೇ ಬರುತ್ತಾರೆಂದಾಗ ಗಡಿಬಿಡಿಯಲ್ಲಿ ಕಂಬಳಿ ಕಿತ್ತು, ಕಿಟಕಿ ತೆರೆದು, ಕೋಣೆಯನ್ನು ಬಟಾಬಯಲು ಮಾಡಿಟ್ಟಳು. ಡಾಕ್ಟ್ರಕ್ಕ ಹೊಸ್ತಿಲಲ್ಲೇ ನಿಂತರು.

“ಯಾಕವ್ವಾ ಇಷ್ಟು ಬೆಳಕು? ಕಂಬಳಿ ಎಲ್ಲೈತಿ? ಹಾಕು, ಹಾಕು! ನನಗ ಕತ್ತಲಿ ಬೇಕು.”

ಆಗ ಅವ್ವನ ಮುಖ ನೋಡಬೇಕಿತ್ತು! ಕುಸ್ತಿ ಗೆದ್ದವಳ ಹಾಗೆ ಕಂಬಳಿ ಎತ್ತಿಕೊಂಡು ಬಂದಳು.

ಕೋಣೆ ಕತ್ತಲಾದ ಮೇಲೆ ಡಾಕ್ಟ್ರಕ್ಕ ಒಂದು ಪುಟ್ಟ ದೀಪದ ಸಾಧನ ಹಿಡಿದು ಬಲಗಣ್ಣನ್ನು ನೋಡಿದರು. “ಈ ಕೆಂಪಿಗೆ ಅಂಜಬ್ಯಾಡ. ಹೆರಿಗ್ಯಾಗ ಒತ್ತು ಬಿದ್ದೈತಿ. ಮೈಗೆ ಪೆಟ್ಟು ಬಿದ್ರ ಕಂದೋದಿಲ್ಲೇನು, ಹಂಗ. ತಾನ ಹೋಗ್ತೈತಿ. ಆ ರಸ-ಗಿಸ ಮಾತ್ರ ಬ್ಯಾಡವ್ವಾ, ಹೂವು ದೇವರಿಗೆ ಏರ್ಸು” ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಕರೆಸಿದ್ದು ಆ ಕಣ್ಣಿಗೇ. ಅವರು ಎದ್ದು ಹೋಗಬಹುದಿತ್ತು. ಆದರೆ ಎಡಗಣ್ಣಿಗೂ ದೀಪ ಹಿಡಿದರು. ಮತ್ತೆ ಬಲಗಣ್ಣಿಗೆ, ಮತ್ತೆ ಎಡಗಣ್ಣಿಗೆ ಹಿಡಿದು ನೋಡಿದರು. ಡಾಕ್ಟ್ರಕ್ಕ ಮಾತು ನಿಲ್ಲಿಸಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

“ಕತ್ತಲಾಗ ದೀಪ ಹಿಡಿದ್ರ ಕಣ್ಣಿನ ನಟ್ಟನಡುವ ಕೆಂಡದಂಗ ಹೊಳೀಬೇಕವ್ವಾ. ಬಲಗಣ್ಣು ಹೊಳೀತೈತಿ. ಎಡಗಣ್ಣಾಗ ಬೂದಿ ಕಾಣ್ತೈತಿ. ಒಳಗ ಪೊರಿ ಐತಿ. ಲಗೂನ ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸಬೇಕು.”

“ಮುದುಕರಿಗೆ ಬರೋ ಪೊರಿ ಹಸುಗೂಸಿಗೆ ಹೆಂಗ್ರೀ? ಒಂದೀಟು ದೊಡ್ಡಾಕಿ ಆಗಲಿ, ಆಮ್ಯಾಲ ಮಾಡ್ಸೂಣು” ಎಂದಳು ಅವ್ವ.

“ಹುಟ್ಟಿನಿಂದನೂ ಬರ್ತೈತಿ. ಕಣ್ಣು ನೋಡಾದು ಕಲೀಬೇಕವ್ವಾ. ಈಗ ಕಲೀಲಿಲ್ಲಂದ್ರ, ಮುಂದ ಪೊರಿ ತೆಗದ್ರೂ ಅದಕ್ಕ ನೋಡಾಕ ಬರಂಗಿಲ್ಲ.”

“ಬಾಣಂತಿ ಈಗ ಹೊಸ್ತಿಲ ದಾಟಬಾರದ್ರೀ!”

ಅದು ಅವ್ವನ ಕೊನೆಯ ಅಸ್ತ್ರ. ಬೇರೆ ಯಾರಾದರೂ ಆಗಿದ್ದರೆ ಮೂಢನಂಬಿಕೆ ಎಂದು ಬೈದು ಹೋಗುತ್ತಿದ್ದರು. ಡಾಕ್ಟ್ರಕ್ಕ ಗಲ್ಲ ಕೆರೆದುಕೊಂಡು, “ಹೌದಲ್ಲ. ಹಂಗಾರ ಈ ಕೋಣೀನ ಹುಬ್ಬಳ್ಳಿಗೆ ಒಯ್ಯೂಣು” ಎಂದರು.

ಒಯ್ದೇ ಬಿಟ್ಟರು! ಓಣಿಯ ಕುರಿ ಸಾಕುವವರ ಮನೆಗಳಿಂದ ಕಂಬಳಿ ತರಿಸಿ, ಬಾಡಿಗೆ ಜೀಪಿನ ಸುತ್ತ ಕಟ್ಟಿಸಿದರು. ಒಳಗೆ ನಾನು, ಕೂಸು, ಲೋಬಾನದ ಮಡಕೆ ಹಿಡಿದ ಅವ್ವ. ಮುಂದೆ ಡ್ರೈವರಿನ ಪಕ್ಕ ತಮ್ಮ ಆಸ್ಪತ್ರೆಗೆ ಬೀಗ ಹಾಕಿ ಬಂದ ಡಾಕ್ಟ್ರಕ್ಕ. ಹಡಗಲಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಕಂಬಳಿ ಸಂದಿಯಿಂದ ಹೊಗೆ ಬರುವುದನ್ನು ಕಂಡು ಹೋಟೆಲಿನವನು, “ಒಳಗ ಯಾವ ದೇವರೈತ್ರೀ?” ಎಂದು ಕೇಳಿದ. “ದೇವಿ ಹೊಂಟಾಳ, ಕೈ ಮುಗಿ” ಎಂದರು ಡಾಕ್ಟ್ರಕ್ಕ. ಅವನು ಭಕ್ತಿಯಿಂದ ಮುಗಿದ. ಅಳು ತುಂಬಿದ ಆ ಪ್ರಯಾಣದಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆಪರೇಷನ್ ಸಲೀಸಾಗಿ ಆಯಿತು. ಪಡಿಪಾಟಲು ಇದ್ದದ್ದು ಆಮೇಲೆ. ಮಗಳಿಗೆ ದಪ್ಪ ಗಾಜಿನ ಕನ್ನಡಕ. ಜೊತೆಗೆ ದಿನವೂ ಸ್ವಲ್ಪ ಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ, ಹಿಂದುಳಿದ ಕಣ್ಣು ದುಡಿಯಲಿ ಎಂದು. ಕೂಸು ಕಿರುಚುತ್ತಿತ್ತು, ಜೊತೆಗೆ ನಾನೂ ಅಳುತ್ತಿದ್ದೆ. ಕಾಣುತ್ತದೋ ಇಲ್ಲವೋ ಎಂಬುದೇ ಗೊತ್ತಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಪಟ್ಟಿ ಹಾಕಿದ್ದ ಮಗಳನ್ನು ಡಾಕ್ಟ್ರಕ್ಕ ತೊಡೆಯ ಮೇಲೆ ಕೂರಿಸಿಕೊಂಡಿದ್ದಾಗ, ಅವಳು ಕೈ ಚಾಚಿ ಅವರ ಮೂಗುಬೊಟ್ಟನ್ನು ಗುರಿಯಿಟ್ಟ ಹಾಗೆ ಹಿಡಿದು ಜಗ್ಗಿದಳು.

“ಕಂಡೈತಿ! ಆಕಿಗೆ ಕಂಡೈತಿ ಬೇ! ಜಗ್ಗು ನನ್ನವ್ವಾ, ಮೂಗು ಹರಿದ್ರೂ ಹರೀಲಿ!”

ನೋವಿಗೋ ಸಂತೋಷಕ್ಕೋ ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಓಣಿಗೆಲ್ಲ ಅವತ್ತು ಅವರ ಲೆಕ್ಕದಲ್ಲಿ ಮಂಡಕ್ಕಿ, ಮಿರ್ಚಿ.

ಮಗಳು ಹೈಸ್ಕೂಲಿನಲ್ಲಿದ್ದಾಗ ಡಾಕ್ಟ್ರಕ್ಕ ತೀರಿಕೊಂಡರು. ನಾವಿಬ್ಬರೂ ಕೊಟ್ಟೂರಿಗೆ ಓಡಿ ಬಂದೆವು. ಅವಳ ಎಡಗಣ್ಣಿಗೆ ಬಲಗಣ್ಣಿನಷ್ಟು ಚೊಕ್ಕವಾಗಿ ಎಂದೂ ಕಾಣಲಿಲ್ಲ. ಆದರೂ ಅವರ ಮುಂದೆ ಕೂತು, ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, ಬಹಳ ಹೊತ್ತು ಆ ಮುಖವನ್ನೇ ನೋಡಿದಳು. ಯಾಕೆ ಹಾಗೆ ಎಂದು ಮೆಲ್ಲಗೆ ಕೇಳಿದೆ.

“ಇದು ಅವರು ಕಲಿಸಿದ ಕಣ್ಣವ್ವಾ” ಅಂದಳು. “ಇದರಿಂದನ ನೋಡ್ತೀನಿ.”